ಮಿರಜ ಸೀಮೆಯ ದುಡಿಮೆಗಾರ: ಧಣಿಯ ಹೊಣೆಯಿಂದ ನಷ್ಟಪರಿಹಾರದವರೆಗೆ

ಮಾಲಗಾಂವದ ಸುತ್ತಲಿನ ಮಿರಜ-ಸಾಂಗಲಿ ಸೀಮೆ 1948ರವರೆಗೆ ಪಟವರ್ಧನ ಮನೆತನದ ಸಂಸ್ಥಾನಗಳ ಆಳ್ವಿಕೆಯಲ್ಲಿತ್ತು. ಅದರ ನೆರೆಯ ಅಥಣಿ, ಚಿಕ್ಕೋಡಿ ಭಾಗದ ಅನೇಕ ಹಳ್ಳಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಗಡಿಯ ಎರಡೂ ಬದಿಯಲ್ಲಿ ಕನ್ನಡದ ಮಾತು ಕೇಳಿಬರುತ್ತಿದ್ದರೂ, ದುಡಿಯುವಾಗ ಕೈಕಾಲು ಕಳೆದುಕೊಂಡವನಿಗೆ ಕಾನೂನಿನ ಆಸರೆ ಎರಡೂ ಬದಿಯಲ್ಲಿ ಒಂದೇ ಆಗಿರಲಿಲ್ಲ. 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ 1924ರ ಜುಲೈ 1ರಂದು ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂದಿತಾದರೂ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ; 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಆರಂಭವಾದ ಕಿರ್ಲೋಸ್ಕರವಾಡಿಯ ಕಾರ್ಖಾನೆಯೂ ಆ ಕಾಯ್ದೆಯ ಎಲ್ಲೆಯ ಆಚೆಗಿತ್ತು.

ಈ ಕಾಯ್ದೆಗಿಂತ ಹಳೆಯದು ಇಂಗ್ಲೆಂಡಿನಿಂದ ಬಂದ ‘ಧಣಿಯ ಹೊಣೆ’ಯ ನಿಯಮ. ಅದರಂತೆ, ಅಪಘಾತಕ್ಕೆ ಧಣಿಯ ನಿರ್ಲಕ್ಷ್ಯವೇ ಕಾರಣವೆಂದು ಗಾಯಗೊಂಡವನೇ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಿತ್ತು. ಜೊತೆಗೆಲಸಗಾರನ ತಪ್ಪಿನಿಂದಾದ ಗಾಯಕ್ಕೆ ಧಣಿ ಹೊಣೆಯಲ್ಲವೆಂಬ ‘ಸಮಾನ ಉದ್ಯೋಗ’ದ ತತ್ತ್ವ 1837ರ ಒಂದು ಇಂಗ್ಲಿಷ್ ತೀರ್ಪಿನಿಂದ ಬೆಳೆದು ಬಂದು, ಕೂಲಿಕಾರನ ದಾರಿಯನ್ನು ಇನ್ನಷ್ಟು ಕಿರಿದುಮಾಡಿತು.

ನಷ್ಟಪರಿಹಾರದ ಕಾಯ್ದೆ ತಪ್ಪು ಯಾರದೆಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗಿಟ್ಟು, ಗಾಯ ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಆಗಿದ್ದರೆ ಸಾಕೆಂದಿತು. ಆದರೆ ಮೊತ್ತಕ್ಕೆ ಮಿತಿ ಹಾಕಿತು. ಮೂಲ ಕಾಯ್ದೆಯಲ್ಲಿ ವಯಸ್ಕ ಕಾರ್ಮಿಕನ ಸಾವಿಗೆ ಗೊತ್ತುಮಾಡಿದ್ದು 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು. ಹಳೆಯ ದಾರಿಯೂ ಮುಚ್ಚಲಿಲ್ಲ: ಧಣಿಯ ತಪ್ಪನ್ನು ತೋರಿಸಬಲ್ಲವನು ಸಿವಿಲ್ ದಾವೆ ಹೂಡಿ ಹೆಚ್ಚಿನ ಮೊತ್ತ ಕೇಳಬಹುದಿತ್ತು, ಆದರೆ ಒಂದೇ ಗಾಯಕ್ಕೆ ಎರಡೂ ಕಡೆ ಕೈಚಾಚುವಂತಿರಲಿಲ್ಲ. 1938ರ ಧಣಿಗಳ ಹೊಣೆಗಾರಿಕೆ ಕಾಯ್ದೆ ಸಮಾನ ಉದ್ಯೋಗದ ವಾದವನ್ನು ತೆಗೆದುಹಾಕಿದ್ದರಿಂದ ದಾವೆಯ ದಾರಿ ಸ್ವಲ್ಪ ಸುಗಮವಾಯಿತು.

1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೆ ಈ ಸೀಮೆಯೂ ಅದೇ ಕಾನೂನುಗಳ ವ್ಯಾಪ್ತಿಗೆ ಬಂದಿತು. 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರಾಯಿತು. ಟ್ರ್ಯಾಕ್ಟರ್ ಮತ್ತು ಯಂತ್ರಬಲದ ಸಾಧನಗಳಿಂದ ನಡೆಯುವ ಬೇಸಾಯವೂ ನಷ್ಟಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಸೇರಿದ್ದರಿಂದ, ಕಾರ್ಖಾನೆಗಾಗಿ ಹುಟ್ಟಿದ ಪರಿಹಾರ ಹೊಲದವರೆಗೂ ಬಂದಿತು. 1948ರ ನೌಕರರ ರಾಜ್ಯ ವಿಮಾ ಕಾಯ್ದೆಗೆ ಒಳಪಟ್ಟವನಿಗೆ ಮಾತ್ರ ಧಣಿಯ ಬದಲು ವಿಮಾ ನಿಗಮವೇ ಪರಿಹಾರ ಕೊಡುತ್ತಿತ್ತು. ನಷ್ಟಪರಿಹಾರ ಕಾಯ್ದೆಯ 2009ರ ತಿದ್ದುಪಡಿ ‘ಕಾರ್ಮಿಕ’ನನ್ನು ‘ನೌಕರ’ನೆಂದು ಕರೆಯಿತು, ಹೆಸರು ಬದಲಾದರೂ ಒಪ್ಪಂದದ ತಿರುಳು 1923ರದ್ದೇ: ತಪ್ಪನ್ನು ಸಾಧಿಸುವ ಭಾರ ಇಳಿದವನು ಪೂರ್ತಿ ನಷ್ಟದ ಆಸೆಯನ್ನೂ ಇಳಿಸಬೇಕು.