ಕುಕ್ ಕುಟೀರ

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಫಿಟ್ಜ್‌ರಾಯ್ ಉದ್ಯಾನದಲ್ಲಿರುವ ಈ ವಸ್ತುಸಂಗ್ರಹಾಲಯವು ಮೂಲತಃ ಪೆಸಿಫಿಕ್ ಸಾಗರದ ಅನ್ವೇಷಕ ಜೇಮ್ಸ್ ಕುಕ್‌ನ (1728–1779) ತಂದೆತಾಯಿಯರ ಮನೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಗ್ರೇಟ್ ಏಟನ್ ಗ್ರಾಮದಲ್ಲಿದ್ದ ಇದನ್ನು ಉದ್ಯಮಿ ರಸೆಲ್ ಗ್ರಿಮ್‌ವೇಡ್ ಕೊಂಡು, ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದ ಶತಮಾನೋತ್ಸವದ ಕೊಡುಗೆಯಾಗಿ ನೀಡಿದಾಗ, ಕಲ್ಲು ಇಟ್ಟಿಗೆಗಳನ್ನು ಒಂದೊಂದಾಗಿ ಕಳಚಿ, ಗುರುತು ಹಾಕಿ, 253 ಪೆಟ್ಟಿಗೆ ಹಾಗೂ 40 ಪೀಪಾಯಿಗಳಲ್ಲಿ ತುಂಬಿ, ಹಡಗಿನಲ್ಲಿ ತಂದು 1934ರಲ್ಲಿ ಮರುಜೋಡಿಸಲಾಯಿತು. ಗೋಡೆಗೆ ಹಬ್ಬಿದ್ದ ಐವಿ ಬಳ್ಳಿಯ ತುಂಡುಗಳೂ ಜೊತೆಗೆ ಬಂದವು. ಬಾಗಿಲ ಮೇಲಿನ ಕಲ್ಲಿನಲ್ಲಿ ತಂದೆ ಜೇಮ್ಸ್ ಮತ್ತು ತಾಯಿ ಗ್ರೇಸ್ ಇವರ ಹೆಸರಿನ ಮೊದಲಕ್ಷರಗಳೊಂದಿಗೆ 1755 ಎಂಬ ಇಸವಿಯನ್ನು ಕೊರೆಯಲಾಗಿದೆ. ಅದೇ ವರ್ಷ ಮಗನು ನೌಕಾಪಡೆ ಸೇರಿದ್ದರಿಂದ ಅವನು ಇಲ್ಲಿ ನೆಲೆಸಿದ್ದನೆನ್ನಲು ಆಧಾರವಿಲ್ಲ. ಆದ್ದರಿಂದ ಇದನ್ನು ಹೆತ್ತವರ ಮನೆಯೆಂದು ಕರೆಯುವುದೇ ಸರಿ. ಗ್ರೇಟ್ ಏಟನ್‌ನಲ್ಲಿ ಮನೆಯಿದ್ದ ಜಾಗದಲ್ಲಿ ಈಗ, 1770ರಲ್ಲಿ ಕುಕ್‌ನ ಹಡಗಿನವರು ಮೊದಲು ಕಂಡ ಆಸ್ಟ್ರೇಲಿಯದ ಪೂರ್ವ ಕರಾವಳಿಯ ಭಾಗದಿಂದ ತಂದ ಕಲ್ಲಿನ ಸ್ತಂಭ ನಿಂತಿದೆ.