ಮೈಯ ಮಾಂಸ, ತಟ್ಟೆಯ ಮಾಂಸ: ಒಂದು ಇಂಗ್ಲಿಷ್ ಪದವೂ ಪುಣೆಯ ಮೂರು ಕಾರ್ಯಶಾಲೆಗಳೂ

ಚೀನೀ ಮನೆಮಾತಿನವನೂ ಕನ್ನಡ ಮನೆಮಾತಿನವನೂ ಇಂಗ್ಲಿಷ್ ಕಲಿಯುವಾಗ ಒಂದು ಕಡೆ ಒಂದೇ ಕಲ್ಲಿಗೆ ಎಡವುತ್ತಾರೆ. ಊಟದ ಮಾತು ಬಂದಾಗ ಇಬ್ಬರೂ ‘ಐ ಈಟ್ ಫ್ಲೆಶ್’ ಎಂದುಬಿಡಬಹುದು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇಂಗ್ಲಿಷಿನವರ ಕಿವಿಗೆ ಅದು ಹುಲಿಯ ಮಾತು, ನರಭಕ್ಷಕನ ಮಾತು. ಅವರ ಭಾಷೆಯಲ್ಲಿ ತಟ್ಟೆಗೆ ಬಂದದ್ದು ‘ಮೀಟ್’, ಮೈಮೇಲೆ ಇರುವುದು ‘ಫ್ಲೆಶ್’. ನಿಘಂಟು ತೆರೆದರೆ ಎರಡಕ್ಕೂ ‘ಮಾಂಸ’ ಎಂಬ ಒಂದೇ ಅರ್ಥ ಸಿಗುತ್ತದೆ, ಗೆರೆ ಎಲ್ಲಿ ಬಿದ್ದಿದೆ ಎಂಬುದು ಸಿಗುವುದಿಲ್ಲ. ಈ ತಪ್ಪನ್ನು ಕಲಿಯುವವರ ಅಜಾಗರೂಕತೆ ಎಂದು ತಳ್ಳಿಹಾಕುವುದು ಸರಿಯಲ್ಲ ಎಂಬುದು ನನ್ನ ವಾದ. ಒಂದೊಂದು ಭಾಷೆ ದೇಹವನ್ನು ಒಂದೊಂದು ಕಡೆ ಕತ್ತರಿಸಿದೆ, ಆ ಕತ್ತರಿಯ ಗುರುತು ತಪ್ಪಿನಲ್ಲಿ ಉಳಿದಿದೆ. ಅದನ್ನು ಹಿಂಬಾಲಿಸಿದರೆ ಪುಣೆಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ ನಡೆದ ಮೂರು ದೊಡ್ಡ ಕೆಲಸಗಳ ಬಾಗಿಲಿಗೆ ಬರುತ್ತೇವೆ.

ಇಂಗ್ಲಿಷಿನಲ್ಲೂ ಈ ಗೆರೆ ಮೊದಲಿನಿಂದ ಇರಲಿಲ್ಲ. ಹಳೆಯ ಇಂಗ್ಲಿಷಿನ ‘ಫ್ಲ್ಯಾಶ್’ ಮೈಯದ್ದೂ ಹೌದು, ಅಡುಗೆಯದ್ದೂ ಹೌದು. ಅದರ ಸೋದರಿಯಾದ ಜರ್ಮನ್ ‘ಫ್ಲೈಷ್’ ಇಂದಿಗೂ ಹಾಗೆಯೇ ಇದೆ. ‘ಮೀಟ್’ ಎಂದರೆ ಆಗ ಬರಿಯ ಆಹಾರ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಮೀಟ್ ಆಫರಿಂಗ್’ ಎಂಬ ನೈವೇದ್ಯವಿದೆ. ಅದರಲ್ಲಿರುವುದು ಹಿಟ್ಟು ಮತ್ತು ಎಣ್ಣೆ, ಪ್ರಾಣಿಯ ಒಂದು ಚೂರೂ ಇಲ್ಲ. ಅದೇ ಗ್ರಂಥದಲ್ಲಿ ಈಜಿಪ್ಟಿನ ಮಾಂಸದ ಗಡಿಗೆಗಳಿಗೆ ಬಳಸಿದ ಪದ ‘ಫ್ಲೆಶ್’. ಮುಂದೆ ‘ಮೀಟ್’ ತನ್ನ ಅರ್ಥವನ್ನು ಕಿರಿದಾಗಿಸಿಕೊಂಡು ಅಡುಗೆಮನೆಯನ್ನು ಹಿಡಿಯಿತು. ‘ಫ್ಲೆಶ್’ಗೆ ಉಳಿದದ್ದು ಬದುಕಿರುವ ಮೈ, ಹಣ್ಣಿನ ತಿರುಳು, ಬಂಧುತ್ವ, ಧರ್ಮಗ್ರಂಥದ ಪಾಪ.

ಚೀನೀಯರ ‘ರೋವ್’ ಎಂಬ ಅಕ್ಷರದ ಕಥೆ ಇದಕ್ಕೆ ತಿರುವುಮುರುವು. ಸುಮಾರು ಕ್ರಿ.ಶ. 100ರಲ್ಲಿ ಸಿದ್ಧವಾದ ‘ಶ್ವೊವೆನ್’ ನಿಘಂಟು ರೋವ್ ಎಂದರೆ ಕತ್ತರಿಸಿದ ಮಾಂಸದ ತುಂಡು ಎನ್ನುತ್ತದೆ. ಮನುಷ್ಯನದಾದರೆ ‘ಜೀ’, ಹಕ್ಕಿ ಮೃಗಗಳದಾದರೆ ‘ರೋವ್’ ಎಂದು ಹಳೆಯ ಚೀನೀಯಲ್ಲಿ ಭೇದವಿತ್ತೆಂದು ಅದರ ವ್ಯಾಖ್ಯಾನಕಾರ ದ್ವಾನ್ ಯೂತ್ಸಾಯ್ ವಿವರಿಸಿದ್ದಾನೆ. ಎಂದರೆ ಇಂಗ್ಲಿಷ್ ಇತ್ತೀಚೆಗೆ ಎಳೆದ ಗೆರೆಗೆ ಹತ್ತಿರದ ಒಂದು ಗೆರೆ ಚೀನೀಯಲ್ಲಿ ಎಂದೋ ಇದ್ದು ಅಳಿಸಿಹೋಗಿದೆ. ಇಂದು ರೋವ್ ಎಲ್ಲವನ್ನೂ ಹೊತ್ತಿದೆ: ಊಟದ ಮಾಂಸ (ಬೇರೆ ವಿಶೇಷಣವಿಲ್ಲದಿದ್ದರೆ ಸಾಮಾನ್ಯವಾಗಿ ಹಂದಿಯದು), ಮೈಯ ಮಾಂಸ, ಹಣ್ಣಿನ ತಿರುಳಾದ ‘ಗ್ವೊರೋವ್’. ಎಲುಬು ಮತ್ತು ಮಾಂಸ ಸೇರಿದ ‘ಗುರೋವ್’ ಎಂದರೆ ಒಡಹುಟ್ಟಿದವರು, ಹೆತ್ತ ಮಕ್ಕಳು. ಹೀಗಾಗಿ ಚೀನೀ ವಿದ್ಯಾರ್ಥಿಗೆ ‘ಫ್ಲೆಶ್ ಅಂಡ್ ಬ್ಲಡ್’ ಎಂಬ ನುಡಿಗಟ್ಟು ಬೇಗ ಒಲಿಯುತ್ತದೆ, ‘ಫ್ಲೆಶ್’ ತಿನ್ನಬಾರದೆಂಬುದು ತಡವಾಗಿ ತಿಳಿಯುತ್ತದೆ.

ಈಗ ಪುಣೆಗೆ, ಮೊದಲ ಕಾರ್ಯಶಾಲೆಗೆ ಬರೋಣ. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸುತ್ತಿದ್ದ ಪುರುಷೋತ್ತಮ ವಿಶ್ವನಾಥ ಬಾಪಟರು ಚೀನೀಯನ್ನೂ ಕಲಿತವರು. 1937ರಲ್ಲಿ ಪುಣೆಯಿಂದ ಹೊರಬಂದ ಅವರ ಗ್ರಂಥ ‘ವಿಮುತ್ತಿಮಗ್ಗ’ ಮತ್ತು ‘ವಿಸುದ್ಧಿಮಗ್ಗ’ ಎಂಬ ಬೌದ್ಧ ಸಾಧನಾಗ್ರಂಥಗಳ ತೌಲನಿಕ ಅಧ್ಯಯನ. ವಿಸುದ್ಧಿಮಗ್ಗ ಐದನೇ ಶತಮಾನದ ಬುದ್ಧಘೋಷನದು, ಪಾಲಿಯಲ್ಲಿದೆ. ವಿಮುತ್ತಿಮಗ್ಗ ಇಡಿಯಾಗಿ ಉಳಿದದ್ದು ಆರನೇ ಶತಮಾನದ ಆರಂಭದಲ್ಲಿ ಸಂಘಪಾಲ ಮಾಡಿದ ಚೀನೀ ಅನುವಾದದಲ್ಲಿ. ಎರಡನ್ನೂ ಮಗ್ಗುಲಲ್ಲಿಟ್ಟು ಓದಿದವರಿಗೆ ದೇಹದ ಮೂವತ್ತೆರಡು ಭಾಗಗಳ ಧ್ಯಾನ ಎದುರಾಗುತ್ತದೆ. ಕೂದಲು, ರೋಮ, ಉಗುರು, ಹಲ್ಲು, ತೊಗಲು ಎಂದು ಹೊರಗಿನಿಂದ ಒಳಗೆ ಸಾಗುವ ಪಾಲಿಯ ಪಟ್ಟಿಯಲ್ಲಿ ಆರನೆಯದು ‘ಮಂಸ’. ಬುದ್ಧಘೋಷ ಅದನ್ನು ವಿವರಿಸುವ ಬಗೆ ಬೆರಗು ಹುಟ್ಟಿಸುತ್ತದೆ. ಮೈಯಲ್ಲಿ ಒಂಬೈನೂರು ಮಾಂಸದ ತುಂಡುಗಳಿವೆ, ಬಣ್ಣ ಮುತ್ತುಗದ ಹೂವಿನ ಕೆಂಪು, ಮೀನಖಂಡದ ಮಾಂಸ ತಾಳೆಗರಿಯ ಚೀಲದಲ್ಲಿ ಕಟ್ಟಿಟ್ಟ ಅನ್ನದ ಆಕಾರ. ಮೈಯ ಮಾಂಸವನ್ನು ಹೇಳಲು ಹೋಲಿಕೆ ಬಂದದ್ದು ಬುತ್ತಿಯಿಂದ. ಮೈಗೂ ಊಟಕ್ಕೂ ನಡುವೆ ಆ ಭಾಷೆಯಲ್ಲಿ ಗೋಡೆಯಿಲ್ಲ.

ಗೋಡೆ ಇಲ್ಲದಿರುವುದೇ ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯದ ಒಂದು ಕಥೆಗೆ ಜೀವ. ವಾರಾಣಸಿಯ ಸುಪ್ಪಿಯಾ ಎಂಬ ಉಪಾಸಿಕೆ ಕಾಯಿಲೆ ಬಿದ್ದ ಭಿಕ್ಷುವಿಗೆ ಮಾಂಸದ ಸಾರು ಕೊಡುತ್ತೇನೆಂದು ಮಾತು ಕೊಡುತ್ತಾಳೆ. ಅಂದು ಊರಿನಲ್ಲಿ ಎಲ್ಲಿಯೂ ಮಾಂಸ ಸಿಗುವುದಿಲ್ಲ. ಆಕೆ ತನ್ನ ತೊಡೆಯನ್ನೇ ಕೊಯ್ದು ಅಡುಗೆಗೆ ಕೊಡುತ್ತಾಳೆ. ಬುದ್ಧ ಅದನ್ನು ತಿಳಿದು ಭಿಕ್ಷುಗಳಿಗೆ ನರಮಾಂಸವನ್ನು ನಿಷೇಧಿಸುತ್ತಾನೆ. ಪಾಲಿಯಲ್ಲಿ ತೊಡೆಯ ಮೇಲಿದ್ದಾಗಲೂ ಸಾರಿನಲ್ಲಿ ಬೆಂದಾಗಲೂ ಅದು ಮಂಸವೇ. ಆ ಒಂದೇ ಪದದ ಮೇಲೆ ನಡೆದುಹೋಗುವ ಕಥೆಯನ್ನು ಇಂಗ್ಲಿಷಿಗೆ ತರುವವರು ಎಲ್ಲೋ ಒಂದು ಕಡೆ ‘ಮೀಟ್’ನಿಂದ ‘ಫ್ಲೆಶ್’ಗೆ ದಾಟಬೇಕು, ಇಲ್ಲವೇ ಇಡೀ ಕಥೆಯನ್ನು ಹಳೆಯ ‘ಫ್ಲೆಶ್’ನಲ್ಲೇ ಹೇಳಬೇಕು. ಕನ್ನಡಕ್ಕೆ ಆ ಕಷ್ಟವಿಲ್ಲ. ನಮಗೆ ಪಾರಿವಾಳದ ತೂಕಕ್ಕೆ ತೊಡೆ ಕೊಯ್ದ ಶಿಬಿ ಚಕ್ರವರ್ತಿಯೂ ಒಂದು ಪೌಂಡ್ ‘ಫ್ಲೆಶ್’ಗೆ ಹಟ ಹಿಡಿದ ಶೇಕ್ಸ್‌ಪಿಯರನ ಶೈಲಾಕನೂ ಒಂದೇ ಪದದ ತಕ್ಕಡಿಯಲ್ಲಿ ತೂಗುತ್ತಾರೆ. ವಿನಯದ ಅಟ್ಠಕಥೆ, ಅಂದರೆ ವ್ಯಾಖ್ಯಾನವಾದ ‘ಸಮಂತಪಾಸಾದಿಕಾ’ದ ಚೀನೀ ರೂಪವನ್ನು ಬಾಪಟರು ಜಪಾನಿನ ಹಿರಾಕಾವಾ ಅಕಿರಾ ಅವರೊಡನೆ ಇಂಗ್ಲಿಷಿಗೆ ತಂದರು. 1970ರಲ್ಲಿ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಅದನ್ನು ಪ್ರಕಟಿಸಿತು. ಚೀನೀ ಪದಕ್ಕೆ ತಕ್ಕ ಇಂಗ್ಲಿಷ್ ಪದ ಹುಡುಕುವ ಕೆಲಸ ಪುಣೆಯಲ್ಲಿ ಅಷ್ಟು ಗಂಭೀರವಾಗಿ ನಡೆದಿತ್ತು.

ಪುಣೆಯಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದ ಕೇಡಗಾಂವದಲ್ಲಿ ಎರಡನೆಯ ಕಾರ್ಯಶಾಲೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ ಆಕೆ, ಶತಮಾನದ ಕೊನೆಯ ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಕೇಡಗಾಂವದ ಮುಕ್ತಿ ಸದನವನ್ನು ಬೆಳೆಸಿದರು. ಕೊನೆಯ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅವರು ಮಾಡಿದ ಕೆಲಸ ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವುದು. ಆಗಿದ್ದ ಮರಾಠಿ ಬೈಬಲಿನ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಹೆಂಗಸರಿಗೆ ಹತ್ತುವುದಿಲ್ಲ, ಅದರ ಪದಗಳಿಗೆ ಹಳೆಯ ಮತದ ಅರ್ಥಗಳು ಅಂಟಿಕೊಂಡಿವೆ ಎಂಬುದು ಅವರ ಆಕ್ಷೇಪವಾಗಿತ್ತು. 1922ರಲ್ಲಿ ಅವರು ತೀರಿಕೊಂಡರು. ಗ್ರಂಥ 1924ರಲ್ಲಿ ಮುಕ್ತಿಯದೇ ಮುದ್ರಣಾಲಯದಿಂದ ಬಂತು. ಮೊಳೆ ಜೋಡಿಸಿದವರು ಅಲ್ಲಿಯೇ ಅಕ್ಷರ ಕಲಿತ ಹೆಂಗಸರು.

ನಮ್ಮ ಪದದ ಮಟ್ಟಿಗೆ ರಮಾಬಾಯಿಯವರ ಮೇಜಿನ ಮೇಲೆ ಎರಡು ಬಗೆಯ ಭಾಷೆಗಳು ಎದುರುಬದುರು ಕುಳಿತಿದ್ದವು. ಹೀಬ್ರೂವಿನ ‘ಬಾಸಾರ್’ ಚೀನೀಯ ರೋವ್ ಹಾಗೆ: ಆದಾಮ ಹವ್ವೆಯನ್ನು ಕಂಡು ತನ್ನ ಎಲುಬು, ತನ್ನ ಮಾಂಸ ಎನ್ನುವುದೂ ಅದೇ ಪದದಲ್ಲಿ, ಗಡಿಗೆಯಲ್ಲಿ ಬೇಯುವುದೂ ಅದೇ. ಗ್ರೀಕ್ ಮಾತ್ರ ಇಂದಿನ ಇಂಗ್ಲಿಷಿನ ಹಾಗೆ: ತಿನ್ನುವುದಕ್ಕೆ ‘ಕ್ರೆಯಾಸ್’, ಮೈಗೂ ಮನುಷ್ಯತನಕ್ಕೂ ಅಪೊಸ್ತಲ ಪೌಲನು ಹೇಳುವ ಪಾಪದ ಸೆಳೆತಕ್ಕೂ ‘ಸಾರ್ಕ್ಸ್’. ಈ ಕೊನೆಯ ಪದವನ್ನು ಬರಿಯ ‘ಮಾಂಸ’ ಎಂದರೆ ಕೇಳುವವರ ಕಣ್ಣಮುಂದೆ ಅಂಗಡಿ ನಿಲ್ಲುತ್ತದೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ದೇವರ ವಾಕ್ಯವು ಸಾರ್ಕ್ಸ್ ಆಯಿತು ಎನ್ನುವಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. 1919ರ ಚೀನೀ ಯೂನಿಯನ್ ಅನುವಾದ ಮಾಂಸ ಮತ್ತು ಮೈ ಕೂಡಿಸಿ ‘ರೋವ್‌ಶೆನ್’ ಎಂದಿತು. ಮರಾಠಿಯ ಪ್ರಚಲಿತ ಪಾಠ ‘ದೇಹ’ದ ಕಡೆ ವಾಲಿತು. ಕನ್ನಡದ ಪ್ರಚಲಿತ ಪಾಠದಲ್ಲಿರುವುದು ‘ನರಾವತಾರ’. ಪೌಲನ ಸಾರ್ಕ್ಸ್‌ಗೆ ಕನ್ನಡವು ‘ಶರೀರಭಾವ’ ಎಂಬ ಪದವನ್ನೇ ಹುಟ್ಟಿಸಿಕೊಂಡಿತು. ನನಗೆ ಅದು ಬಹಳ ಒಳ್ಳೆಯ ಪದವಾಗಿ ಕಾಣುತ್ತದೆ, ಏಕೆಂದರೆ ತಪ್ಪು ಮೈಯದ್ದಲ್ಲ, ಮೈಗೆ ಸೋತ ಮನಸ್ಸಿನದು ಎಂಬುದನ್ನು ಅದು ಒಂದೇ ಸಮಾಸದಲ್ಲಿ ಹೇಳಿಬಿಡುತ್ತದೆ. ‘ನರಾವತಾರ’ದಲ್ಲಿ ಮಾತ್ರ ರಮಾಬಾಯಿ ಎಚ್ಚರಿಸಿದ ಅಂಟು ಇದೆ.

ಕನ್ನಡ ‘ಮಾಂಸ’ಕ್ಕಷ್ಟೇ ನಿಂತ ಭಾಷೆಯಲ್ಲ. ಹಳಗನ್ನಡದ ‘ಅಡಗು’ ಈಗ ನಿಘಂಟಿನಲ್ಲಷ್ಟೇ ಇದೆ. ಹಳೇ ಮೈಸೂರಿನ ‘ಬಾಡು’ ಅಡುಗೆಯದೇ ಪದ: ಬಾಡೂಟ ಉಂಟು, ಮೈಯ ಗಾಯಕ್ಕೆ ಬಾಡು ಎನ್ನುವವರಿಲ್ಲ. ‘ಖಂಡ’ ಎರಡೂ ಕಡೆ ಓಡಾಡುತ್ತದೆ. ಪುಣ್ಯಕೋಟಿಯ ಹಾಡಿನಲ್ಲಿ ಖಂಡವೂ ಮಾಂಸವೂ ಬೇರೆ ಬೇರೆಯಾಗಿ ಎಣಿಕೆಗೆ ಬಂದಿವೆ. ಹಣ್ಣಿನದು ‘ತಿರುಳು’, ಹಲಸಿನದು ‘ತೊಳೆ’. ಪುಣೆಯ ಮಾರುಕಟ್ಟೆಯಲ್ಲಿ ಕೇಳಿದರೆ ತಿರುಳಿಗೆ ‘ಗರ’. ಬಂಧುತ್ವಕ್ಕೆ ಚೀನೀಯರಿಗೆ ಎಲುಬು ಮಾಂಸ, ಇಂಗ್ಲಿಷಿನವರಿಗೆ ಮಾಂಸ ರಕ್ತ, ನಮಗೆ ಕರುಳು. ಕರುಳಬಳ್ಳಿ, ಕರುಳಿನ ಕುಡಿ ಎನ್ನುವಾಗ ತಾಯಿಯ ಹೊಟ್ಟೆಯಿಂದಲೇ ನಂಟು ಹೊರಡುತ್ತದೆ. ‘ಗೂಸ್ ಫ್ಲೆಶ್’ ಕನ್ನಡದಲ್ಲಿ ಮೈ ಜುಮ್ಮೆನ್ನುವುದು, ಮರಾಠಿಯಲ್ಲಿ ಮೈಮೇಲೆ ಮುಳ್ಳು ಬರುವುದು, ಚೀನೀಯಲ್ಲಿ ಕೋಳಿಯ ತೊಗಲಿನ ಗುಳ್ಳೆ. ಮೂರರಲ್ಲಿಯೂ ಮಾಂಸವಿಲ್ಲ. ‘ಇನ್ ದ ಫ್ಲೆಶ್’ ಎಂದರೆ ಖುದ್ದಾಗಿ, ‘ಫ್ಲೆಶ್ ಔಟ್’ ಎಂದರೆ ಮೈದುಂಬಿಸು. ಕನ್ನಡದ ವಿದ್ಯಾರ್ಥಿಗೆ ಈ ಪದವನ್ನು ‘ಮಾಂಸ’ದಿಂದ ಆರಂಭಿಸಿ ಕಲಿಸುವುದಕ್ಕಿಂತ ‘ಮೈ’ಯಿಂದ ಆರಂಭಿಸಿ ಕಲಿಸುವುದು ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಅರ್ಧ ತಪ್ಪುಗಳು ಅಲ್ಲಿಯೇ ನಿಲ್ಲುತ್ತವೆ.

ಮೂರನೆಯ ಕಾರ್ಯಶಾಲೆ ಯೆರವಡೆಯ ಡೆಕ್ಕನ್ ಕಾಲೇಜು. ಕನ್ನಡದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ಬೋಡೊ ಮತ್ತು ತಾಂಗ್‌ಖುಲ್ ನಾಗಾ ಪದಸಂಗ್ರಹಗಳು 1960ರ ದಶಕದ ಕೊನೆಯಲ್ಲಿ ಬಂದದ್ದು ಅಲ್ಲಿಂದ. ಇವೆರಡೂ ಚೀನೀಯ ದೂರದ ನಂಟಿನ ಟಿಬೆಟೊ-ಬರ್ಮನ್ ಭಾಷೆಗಳು. ಭಾಷೆಗಳ ನಂಟು ಅಳೆಯಲು ಮಾರಿಸ್ ಸ್ವಾಡೇಶ್ ಕೊಟ್ಟ ನೂರು ಪದಗಳ ಪಟ್ಟಿಯಲ್ಲಿ ‘ಫ್ಲೆಶ್’ ಕೂಡ ಒಂದು. ಆದರೆ ಆ ಕುಟುಂಬದ ಮಿಜೋದಲ್ಲಿ ‘ಸಾ’ ಎಂದರೆ ಮಾಂಸವೂ ಹೌದು, ಪ್ರಾಣಿಯೂ ಹೌದು. ಪ್ರಶ್ನೆ ಇಂಗ್ಲಿಷಿನದು, ಉತ್ತರ ಕಾಡಿನಿಂದ ಬರುತ್ತದೆ.

ಅದೇ ಆವರಣದಲ್ಲಿ ಎಸ್. ಎಂ. ಕತ್ರೆ 1948ರಲ್ಲಿ ಆರಂಭಿಸಿದ ಸಂಸ್ಕೃತ ಮಹಾನಿಘಂಟಿನ ಕೆಲಸ ನಡೆದಿದೆ. ಸುಮಾರು 1500 ಗ್ರಂಥಗಳಿಂದ ಒಂದು ಕೋಟಿಯಷ್ಟು ಚೀಟಿಗಳನ್ನು ತೆಗೆದು ಕಪಾಟುಗಳಲ್ಲಿ ಇಟ್ಟಿದ್ದಾರೆ. ಎ. ಎಂ. ಘಾಟಗೆ ಅವರ ಸಂಪಾದನೆಯಲ್ಲಿ 1976ರಿಂದ ಸಂಪುಟಗಳು ಬರತೊಡಗಿ ಮೂವತ್ತು ದಾಟಿದರೂ ನಿಘಂಟು ಅಕಾರದಲ್ಲಿಯೇ ಇದೆ. ಮಾಂಸ, ಪಿಶಿತ, ಪಲಲ, ಕ್ರವ್ಯ ಎಲ್ಲವೂ ತಮ್ಮ ಸರದಿಗಾಗಿ ಕಾಯಬೇಕು. ಅಮರಕೋಶ ಹೇಳುವ ಮಾಂಸದ ಪರ್ಯಾಯಗಳಲ್ಲಿ ಅಕಾರ ಮುಗಿದೊಡನೆ ಮೊದಲು ಬರುವುದು ‘ಆಮಿಷ’. ಸಂಸ್ಕೃತದಲ್ಲಿ ಮಾಂಸ, ಗಾಳದ ತುದಿಯ ತುಂಡು. ಪಾಲಿಯಲ್ಲಿ ಧಮ್ಮಕ್ಕೆ ಎದುರಾದ ಲೌಕಿಕ ಲಾಭ. ಬಂಗಾಳಿಯಲ್ಲಿ ‘ನಿರಾಮಿಷ’ ಎಂದರೆ ಸಸ್ಯಾಹಾರ. ಚುನಾವಣೆ ಬಂದಾಗ ಮತದಾರರಿಗೆ ಒಡ್ಡಿದರೆಂದು ಕನ್ನಡದ ಪತ್ರಿಕೆಗಳು ಬರೆಯುವುದು ಇದೇ ಆಮಿಷವನ್ನು.