ಲಿಂಗನಮಕ್ಕಿ 1819 ಅಡಿ ಅಂದ್ರೆ ಏನು? ಶರಾವತಿ ನೀರಿನ ಪೂರ್ತಿ ಲೆಕ್ಕ ಇಲ್ಲಿದೆ

ಸಾಗರ: ಮಳೆಗಾಲ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಲ್ಲಿ ಅಂಗಡಿ ಕಟ್ಟೆ ಮೇಲೆ ಕೇಳೋ ಪ್ರಶ್ನೆ ಒಂದೇ: ‘ಲಿಂಗನಮಕ್ಕಿ ಎಷ್ಟಾಯ್ತು?’ ಕರೆಂಟು, ಜೋಗದ ಜಲಪಾತ, ಹಿನ್ನೀರಿನ ಲಾಂಚು, ಪ್ರವಾಸಿಗರ ವ್ಯಾಪಾರ ಎಲ್ಲವೂ ಆ ಒಂದು ಸಂಖ್ಯೆಗೆ ಕಟ್ಟಿಕೊಂಡಿವೆ.

ನೀರು ಬರೋದು ಎಲ್ಲಿಂದ?

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ರಾಮ ಬಾಣ ಬಿಟ್ಟಾಗ ನೀರು ಚಿಮ್ಮಿತು, ಅದಕ್ಕೇ ಶರಾವತಿ ಅಂತ ಹೆಸರು ಬಂತು ಅನ್ನೋದು ಸ್ಥಳದ ನಂಬಿಕೆ. ತೀರ್ಥಹಳ್ಳಿ ಪೇಟೆ ಇರೋದು ಮಾತ್ರ ತುಂಗಾ ದಂಡೆಯಲ್ಲಿ. ಅಲ್ಲಿ ಬಿದ್ದ ಮಳೆ ಬಂಗಾಳಕೊಲ್ಲಿ ಸೇರ್ತದೆ. ಅಂಬುತೀರ್ಥದ ನೀರು ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರ್ತದೆ.

ಡ್ಯಾಮಿಗೆ ನೀರು ಕೊಡೋ ಜಲಾನಯನ ಪ್ರದೇಶ ಸುಮಾರು 1,992 ಚದರ ಕಿ.ಮೀ. ಪೂರ್ವದಿಂದ ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ, ಪಶ್ಚಿಮದಿಂದ ಎಣ್ಣೆಹೊಳೆ, ದಕ್ಷಿಣದಿಂದ ಹಿಲ್ಕುಂಜಿ ಹೊಳೆ ಬಂದು ಸೇರ್ತವೆ. ಇದಲ್ಲದೆ ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಲಾಗಿದೆ. ಹಾಗಾಗಿ ಸಾಗರ ಪೇಟೆಯಲ್ಲಿ ಬಿಸಿಲಿದ್ರೂ ನಗರ, ಹುಲಿಕಲ್ ಕಡೆ ಮಳೆ ಹೊಡೆದ್ರೆ ಡ್ಯಾಂ ಏರ್ತದೆ.

ಅಡಿ ಮತ್ತು ಟಿಎಂಸಿ

1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಡ್ಯಾಮಿನ ಉದ್ದ ಸುಮಾರು 2.7 ಕಿ.ಮೀ. ತುಂಬಿದರೆ 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. 1819 ಅಡಿ ಅಂದ್ರೆ ಡ್ಯಾಮಿನ ಎತ್ತರ ಅಲ್ಲ, ಸಮುದ್ರ ಮಟ್ಟದಿಂದ ಅಳೆದ ಗರಿಷ್ಠ ಮಟ್ಟ.

ಒಳಹರಿವಿನ ಲೆಕ್ಕ ಹೀಗೆ: ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಬಂದರೆ 1 ಟಿಎಂಸಿ. ತುಂಬಿದಾಗ ಹಿನ್ನೀರು 300 ಚದರ ಕಿ.ಮೀ. ಮೇಲೆ ಹರಡೋದರಿಂದ ಕೊನೆ ಕೊನೆಗೆ ಒಂದು ಅಡಿ ಏರಲು 3 ಟಿಎಂಸಿಗೂ ಹೆಚ್ಚು ನೀರು ಬೇಕು. ಜುಲೈನಲ್ಲಿ ದಡಬಡ ಏರಿದ ಡ್ಯಾಂ ಆಗಸ್ಟಲ್ಲಿ ‘ನಿಂತೇಬಿಟ್ಟಿದೆ’ ಅನಿಸೋದು ಇದಕ್ಕೇ.

ಡ್ಯಾಂ ತುಂಬ್ತಾ ಇದ್ರೂ ಜೋಗ ಯಾಕೆ ಸಣ್ಣಗಿರ್ತದೆ?

ಡ್ಯಾಂ ಇರೋದು ಜೋಗಕ್ಕಿಂತ ಮೇಲೆ. ಅಲ್ಲಿಂದ ನೀರು ತಲಕಳಲೆ ಜಲಾಶಯಕ್ಕೆ ಹೋಗಿ, ಪೈಪುಗಳಲ್ಲಿ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಸೇರ್ತದೆ. ಅಂದ್ರೆ ಈ ನೀರು ಜಲಪಾತವನ್ನು ಬಳಸಿಕೊಂಡು ಹೋಗ್ತದೆ. ಮಳೆಗಾಲದಲ್ಲಿ 253 ಮೀಟರ್ ಮೇಲಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್‌ಗಳಿಗೆ ಹೆಚ್ಚಾಗಿ ಡ್ಯಾಮಿನ ಕೆಳಗೆ ಬಿದ್ದ ಮಳೆಯೇ ಆಧಾರ. ಗೇಟ್ ತೆಗೆದ ದಿನ ಮಾತ್ರ ಹಳೇ ಜೋಗದ ಅಬ್ಬರ.

ನೀರನ್ನು ನಂಬಿದ ಜನ

ಹಿನ್ನೀರಿನ ಆಚೆ ದಡದ ತುಮರಿ, ಬ್ಯಾಕೋಡು ಭಾಗದವರಿಗೆ ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹಾಕೋದನ್ನು ನಿಲ್ಲಿಸಿದ್ದೂ ಉಂಟು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಈಗ ಸಿಗಂದೂರಿಗೆ ಹೋಗೋರು ನೀರಿನ ಮಟ್ಟ ಕೇಳಬೇಕಿಲ್ಲ.

ಹೊನ್ನೇಮರಡಿನಲ್ಲಿ ದೋಣಿ ಸಾಹಸ, ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಶಿಬಿರ ಇವೆ. ಹಿನ್ನೀರು ನೋಡೋಕೆ ಕೆರೆ ಥರ ಶಾಂತ, ಆದ್ರೆ ಅಡಿಯಲ್ಲಿ ಹಳೇ ಮರದ ಬೊಡ್ಡೆಗಳು, ಕೆಸರು, ದಿಢೀರ್ ಆಳ ಇವೆ. 2024ರಲ್ಲಿ ಕಳಸವಳ್ಳಿ ಭಾಗದಲ್ಲಿ ತೆಪ್ಪ ಮಗುಚಿ ಯುವಕರು ಜೀವ ಕಳೆದುಕೊಂಡರು. ಈಜು ಬಂದ್ರೂ ಲೈಫ್ ಜಾಕೆಟ್ ಇಲ್ಲದೆ ಇಳಿಯಬಾರದು. ಹೊರಗಿಂದ ಬಂದವರಿಗೆ ಅಂಗಡಿಯವರು ಈ ಒಂದು ಮಾತು ಹೇಳಿ ಕಳಿಸಿದ್ರೂ ಉಪಕಾರವೇ.

ನೀರಿನ ಅಡಿಯಲ್ಲಿ

ನೀರು ಬಹಳ ಇಳಿದ ವರ್ಷ 1948ರ ಮಡೆನೂರು ಡ್ಯಾಂ, ಅಂದ್ರೆ ಹಿರೇಭಾಸ್ಕರ ಡ್ಯಾಂ ಮೇಲೆ ಕಾಣಿಸ್ತದೆ. ಅದರ ಸುತ್ತ ಇದ್ದ ಊರು, ತೋಟ, ಗದ್ದೆಗಳ ಜನ ಎದ್ದು ಹೋಗಿ ಅರವತ್ತು ವರ್ಷ ದಾಟಿತು. ಸಾಗರದ ಲೇಖಕ ನಾ. ಡಿಸೋಜ ತಮ್ಮ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದದ್ದು ಈ ಜನರ ಪಾಡನ್ನೇ. ರಾಜ್ಯಕ್ಕೆ ಬೆಳಕು ಕೊಟ್ಟ ಸಂತ್ರಸ್ತರಲ್ಲಿ ಅನೇಕ ಕುಟುಂಬಗಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಓಡಾಡ್ತಾ ಇವೆ.

ಮುಂದೇನು?

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆ ಬಂದ್ ಮಾಡಿ ವಿರೋಧಿಸಿತ್ತು. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಚರ್ಚೆಯಲ್ಲಿದೆ. ಅದರ ಜಾಗ ಸಿಂಗಳೀಕ ಅಭಯಾರಣ್ಯದ ಕಾಡು.

ಕಾಡಿಗೂ ಡ್ಯಾಮಿಗೂ ಏನು ಸಂಬಂಧ ಅಂತ ಕೇಳೋರಿಗೆ ಹಳ್ಳಗಳೇ ಉತ್ತರ. ಶರಾವತಿ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನಗಳ ಪ್ರಕಾರ, ಸಹಜ ಕಾಡು ಉಳಿದ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತದೆ, ಕಾಡು ಹೋದ ಕಡೆ ಮಳೆ ನಿಂತ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ‘ಎಷ್ಟಾಯ್ತು’ ಅಂತ ಕೇಳೋರು ಫೆಬ್ರವರಿಯಲ್ಲಿ ತಮ್ಮೂರ ಹಳ್ಳದಲ್ಲಿ ನೀರಿದೆಯಾ ಅಂತಾನೂ ಒಮ್ಮೆ ನೋಡಬೇಕು.